ಕುರುಚಲು ಕಾಡಿನ ನೆಲ ಆರ್ಕಿಡ್: ಗಿಡ ಮೊದಲೋ, ನೆಲ ಮೊದಲೋ

ಆರ್ಕಿಡ್ ಎಂದೊಡನೆ ಕನ್ನಡದ ಓದುಗರ ನೆನಪಿಗೆ ಬರುವುದು ಮಲೆನಾಡಿನ ಮರದ ಕೊಂಬೆಗಳಿಂದ ಇಳಿಬೀಳುವ ಸೀತಾಳೆದಂಡೆಯಾದರೂ, ಈ ಕುಟುಂಬದ ದೊಡ್ಡದೊಂದು ಪಾಲು ಮರದ ಆಸರೆಯಿಲ್ಲದೆ ಮಣ್ಣಿನಲ್ಲೇ ಬೇರೂರಿ ಬದುಕುತ್ತದೆ. ಭಾರತೀಯ ಸಸ್ಯ ಸರ್ವೇಕ್ಷಣಾ ಸಂಸ್ಥೆಯ ಗಣತಿಯಂತೆ ದೇಶದಲ್ಲಿ ದಾಖಲಾದ 1,256 ಪ್ರಭೇದಗಳ ಪೈಕಿ 757 ಮರವಾಸಿಗಳು, 447 ನೆಲವಾಸಿಗಳು. ನೆಲವಾಸಿಗಳಲ್ಲಿ ಹಲವು ಹುಲ್ಲುಗಾವಲಿನವು, ಹಲವು ಸೋನೆ ಮಳೆಯ ಕಾಡಿನವು. ಇನ್ನು ಕೆಲವು ಮಾತ್ರ ಕಗ್ಗಲಿ, ಕಾರೆ, ಕವಳೆ, ಜಾಲಾರಿ, ದಿಂಡಿಗಗಳ ನಡುವೆ, ವರ್ಷದ ಬಹುಭಾಗ ಒಣಗಿ ನಿಲ್ಲುವ ಬಯಲುಸೀಮೆಯ ಕಾಡುಗಳಲ್ಲಿ ನೆಲೆ ಕಂಡುಕೊಂಡಿವೆ.

ದಕ್ಷಿಣ ಭಾರತ ಮತ್ತು ಶ್ರೀಲಂಕಾದ ಒಣ ಪ್ರದೇಶಗಳ ಯೂಲೋಫಿಯ ಎಪಿಡೆಂಡ್ರಿಯ ಇಂಥದೊಂದು ಪ್ರಭೇದ. ಇದರ ಬುಡದಲ್ಲಿ ಮಿಥ್ಯಾಗಡ್ಡೆಗಳಿರುತ್ತವೆ, ಅಂದರೆ ಕಾಂಡದ ಬುಡವೇ ಉಬ್ಬಿ ನೀರನ್ನೂ ಆಹಾರವನ್ನೂ ಕೂಡಿಟ್ಟುಕೊಳ್ಳುವ ಅಂಗಗಳು. ಹಸಿರಾದ, ಶಂಕುವಿನಾಕಾರದ ಈ ಗಡ್ಡೆಗಳು ಮಣ್ಣಿನ ಮೇಲೆ ಅಲ್ಪಸ್ವಲ್ಪ ಕಾಣಿಸಿಕೊಂಡು ಬೇಸಿಗೆಯನ್ನು ದಾಟುತ್ತವೆ. ಎಲೆಗಳು ಕಿರಿದಾಗಿ ನೀಳವಾಗಿರುವುದರಿಂದ ಹೂವಿಲ್ಲದಾಗ ಗಿಡವನ್ನು ಸುತ್ತಲಿನ ಹುಲ್ಲಿನಿಂದ ಬೇರ್ಪಡಿಸಿ ಗುರುತಿಸುವುದು ಕಷ್ಟ. ಗಡ್ಡೆಯ ಪಕ್ಕದಿಂದ ಎಲೆಗಳಿಗಿಂತ ಎತ್ತರಕ್ಕೆ ಏಳುವ ಹೂದಂಟಿನ ಮೇಲೆ ಹಸಿರು ಮಿಶ್ರಿತ ಹಳದಿಯ ಹೂಗಳು ಬಿಡಿಬಿಡಿಯಾಗಿ ಅರಳುತ್ತವೆ. ತುಟಿ ಎಂದು ಕರೆಯಲಾಗುವ, ಉಳಿದವಕ್ಕಿಂತ ಭಿನ್ನವಾದ ಮಧ್ಯದ ದಳ ಮಾತ್ರ ಬಿಳಿಚಾಗಿದ್ದು ಅದರ ಮೇಲೆ ನೇರಳೆಗೆಂಪು ಗೆರೆಗಳು ಹರಿದಿರುತ್ತವೆ. ತರಂಗಂಬಾಡಿಯ ಡೇನಿಷ್ ಮಿಷನ್ನಿನಲ್ಲಿ ವೈದ್ಯನಾಗಿದ್ದ, ಲಿನೇಯಸ್‌ನ ಶಿಷ್ಯ ಯೋಹಾನ್ ಕ್ಯೋನಿಗ್ ಬರೆದಿಟ್ಟ ವಿವರಣೆಯನ್ನು ಅವನು ತೀರಿಹೋದ ಮೇಲೆ 1791ರಲ್ಲಿ ಸ್ವೀಡನ್ನಿನ ರೆಟ್ಸಿಯಸ್ ಪ್ರಕಟಿಸಿದ್ದರಿಂದ ಈ ಗಿಡ ವಿಜ್ಞಾನದ ದಾಖಲೆಗೆ ಸೇರಿತು; ಕೆಲವೇ ವರ್ಷಗಳಲ್ಲಿ ವಿಲಿಯಂ ರಾಕ್ಸ್‌ಬರ್ಗ್ ಕೋರಮಂಡಲ ತೀರದ ಸಸ್ಯಗಳ ಕುರಿತ ತನ್ನ ಗ್ರಂಥದಲ್ಲಿ ಬೇರೆ ಹೆಸರಿನಿಂದ ಇದರ ಚಿತ್ರವನ್ನು ಅಚ್ಚುಹಾಕಿಸಿದನು. ಇಷ್ಟು ಹಿಂದೆಯೇ ಹೆಸರು ಪಡೆದ ಗಿಡದ ನೆಲೆಗಳು ಇಂದು ಕಲ್ಲುಗಣಿ, ಬಡಾವಣೆ, ನೆಡುತೋಪುಗಳ ನಡುವೆ ತುಂಡುತುಂಡಾಗುತ್ತಿರುವಾಗ, ಮೊದಲು ಕೈಹಾಕಬೇಕಾದದ್ದು ಗಿಡದ ಸಂಖ್ಯೆಯನ್ನು ಹೆಚ್ಚಿಸುವ ಕೆಲಸಕ್ಕೋ, ಅದರ ನೆಲವನ್ನು ಕಾಯುವ ಕೆಲಸಕ್ಕೋ ಎಂಬ ಪ್ರಶ್ನೆ ಎದ್ದಿದೆ. ಬಯಲುಸೀಮೆಯ ಸಸ್ಯಗಳನ್ನು ಪಟ್ಟಿಮಾಡುತ್ತ ಆಯುಷ್ಯ ಕಳೆದ ನಿವೃತ್ತ ಸಸ್ಯಶಾಸ್ತ್ರ ಅಧ್ಯಾಪಕರೊಬ್ಬರನ್ನೂ, ಅಂಗಾಂಶ ಕೃಷಿಯ ಪ್ರಯೋಗಾಲಯದಲ್ಲಿ ದುಡಿಯುವ ತರುಣ ಸಂಶೋಧಕಿಯನ್ನೂ ಎದುರುಬದುರು ಕೂರಿಸಿ ಈ ಪ್ರಶ್ನೆಯನ್ನು ಇಲ್ಲಿ ಪರೀಕ್ಷಿಸಲಾಗಿದೆ.

ಸಂಶೋಧಕಿ: ಮೇಷ್ಟರೇ, ಈ ಗಿಡದ ಒಂದು ಕಾಯಿ ಬಲಿತರೆ ಅದರೊಳಗೆ ಸಾವಿರಾರು ಬೀಜಗಳಿರುತ್ತವೆ, ಧೂಳಿನಷ್ಟು ಸಣ್ಣವು, ಮೊಳಕೆಗೆ ಬೇಕಾದ ಆಹಾರದ ಬುತ್ತಿಯೇ ಇಲ್ಲದವು. ಕಾಡಿನಲ್ಲಿ ಅವುಗಳಲ್ಲಿ ಒಂದೆರಡು ಗಿಡವಾದರೆ ಹೆಚ್ಚು. ಅದೇ ಕಾಯನ್ನು ಪ್ರಯೋಗಾಲಯಕ್ಕೆ ತಂದು, ಸಕ್ಕರೆಯೂ ಲವಣಗಳೂ ಸೇರಿದ ಅಗರ್ ಮಾಧ್ಯಮದ ಮೇಲೆ ಬಿತ್ತಿದರೆ ನೂರಾರು ಸಸಿಗಳು ಏಳುತ್ತವೆ. ಲೂಯಿಸ್ ನಡ್ಸನ್ 1922ರಲ್ಲಿ ತೋರಿಸಿಕೊಟ್ಟ ದಾರಿಯಿದು, ನೂರು ವರ್ಷ ಹಳೆಯದು. ಕೈಯಲ್ಲಿ ಇಂಥ ಉಪಾಯವಿರುವಾಗ ಗಿಡ ಕಡಿಮೆಯಾಗುತ್ತಿದೆಯೆಂದು ಕೊರಗುತ್ತ ಕೂರುವುದು ಸರಿಯೇ?

ಹಿರಿಯರು: ನೋಡಮ್ಮಾ, ನಡ್ಸನ್ ತೋರಿಸಿದ್ದು ಬೀಜಕ್ಕೆ ಸಕ್ಕರೆ ಕೊಟ್ಟರೆ ಶಿಲೀಂಧ್ರವಿಲ್ಲದೆಯೂ ಮೊಳೆಯುತ್ತದೆ ಎಂಬುದನ್ನು. ಅವನಿಗಿಂತ ಮೊದಲು, 1899ರಲ್ಲಿ, ಫ್ರಾನ್ಸಿನ ನೋಯೆಲ್ ಬರ್ನಾರ್ಡ್ ಫಾಂಟೆನ್‌ಬ್ಲೋ ಕಾಡಿನಲ್ಲಿ ಕಂಡದ್ದು ಇದರ ಇನ್ನೊಂದು ಮುಖವನ್ನು. ಮಣ್ಣಿನಲ್ಲಿ ಬಿದ್ದ ಆರ್ಕಿಡ್ ಬೀಜದೊಳಕ್ಕೆ ಶಿಲೀಂಧ್ರದ ಎಳೆಗಳು ಹೊಕ್ಕು ಆಹಾರ ಒದಗಿಸಿದರೆ ಮಾತ್ರ ಅದು ಮೊಳೆಯುತ್ತದೆ. ಮೊದಮೊದಲು ಬೇರೂ ಎಲೆಯೂ ಇಲ್ಲದ, ಆದಿಕಂದ ಎಂದು ಕರೆಯುವ ಒಂದು ಸಣ್ಣ ಉಂಡೆಯಾಗಿ ಕತ್ತಲಲ್ಲೇ ಬೆಳೆಯುತ್ತದೆ. ಆ ಶಿಲೀಂಧ್ರ ಇರುವುದು ತರಗೆಲೆ ಕೊಳೆಯುವ, ಗೆದ್ದಲು ಓಡಾಡುವ, ಯಾರೂ ಅಗೆಯದ ಮಣ್ಣಿನಲ್ಲಿ. ಸೀಸೆಯಲ್ಲಿ ಬೆಳೆದ ಸಸಿಗೆ ಆ ನಂಟು ಒದಗಿರುವುದಿಲ್ಲ. ಹೊರಗೆ ನೆಟ್ಟ ಮೇಲೆ ಅದು ಬದುಕಬಹುದು, ಹೂವನ್ನೂ ಬಿಡಬಹುದು, ಆದರೆ ಅದರ ಬೀಜ ಮಣ್ಣಿಗೆ ಬಿದ್ದಾಗ ಮೊಳೆಯಬೇಕಲ್ಲ? ಮರಿಗಿಡ ತಾನಾಗಿ ಹುಟ್ಟದ ಕಡೆ ಇರುವ ಗಿಡಗಳು ಒಂದೊಂದಾಗಿ ಮುದಿಯಾಗುತ್ತಿರುತ್ತವೆ, ಅಷ್ಟೇ.

ಸಂಶೋಧಕಿ: ಶಿಲೀಂಧ್ರದ ಮಾತು ಪ್ರಯೋಗಾಲಯದವರಿಗೆ ಗೊತ್ತಿಲ್ಲದ್ದೇನಲ್ಲ. ಬೆಳೆದ ಗಿಡದ ಬೇರಿನೊಳಗೆ ಸುರುಳಿ ಸುತ್ತಿಕೊಂಡಿರುವ ಎಳೆಗಳನ್ನು ಬೇರ್ಪಡಿಸಿ, ಟುಲಸ್ನೆಲ್ಲ, ಸೆರಟೊಬೆಸಿಡಿಯಂ ಮುಂತಾದ ಕುಲಗಳ ಶಿಲೀಂಧ್ರಗಳನ್ನು ಬೇರೆಯಾಗಿ ಬೆಳೆಸಿ, ಅವುಗಳ ಜೊತೆಯಲ್ಲೇ ಬೀಜ ಬಿತ್ತುವ ಸಹಜೀವಿ ಮೊಳಕೆಯ ವಿಧಾನವೂ ಇದೆ. ಹಾಗೆ ಬೆಳೆದ ಸಸಿ ತನ್ನ ಸಂಗಾತಿಯನ್ನು ಬೇರಿನಲ್ಲೇ ಹೊತ್ತುಕೊಂಡು ಹೋಗುತ್ತದೆ. ಇಂಗ್ಲೆಂಡಿನ ಪಾದರಕ್ಷೆ ಆರ್ಕಿಡ್ಡಿನ ಕಥೆ ತಮಗೂ ತಿಳಿದದ್ದೇ. ನಶಿಸಿಹೋಯಿತೆಂದು ಭಾವಿಸಿದ್ದ ಆ ಗಿಡ 1930ರಲ್ಲಿ ಯಾರ್ಕ್‌ಷೈರಿನ ಒಂದೇ ಒಂದು ತಾಣದಲ್ಲಿ ಮತ್ತೆ ಕಂಡಿತು. ಕ್ಯೂ ಸಸ್ಯೋದ್ಯಾನದವರು 1983ರಲ್ಲಿ ಆರಂಭಿಸಿದ ಯೋಜನೆಯಿಂದ ಬೀಜದ ಸಸಿಗಳು ಬೆಳೆದು ಕಾಡಿಗೆ ಹಿಂದಿರುಗಿದವು. ಹಾಗೆ ನೆಟ್ಟವು ಹೂಬಿಡಲು ಹತ್ತು ವರ್ಷಕ್ಕೂ ಮಿಕ್ಕಿದ ಕಾಲ ಹಿಡಿಯಿತಾದರೂ 2000ದಲ್ಲಿ ಹೂವು ಬಂದಿತು. ನೆಲವನ್ನೊಂದೇ ಕಾಯುತ್ತ ಕುಳಿತಿದ್ದರೆ ಇದು ಆಗುತ್ತಿತ್ತೇ?

ಹಿರಿಯರು: ಆಗುತ್ತಿರಲಿಲ್ಲ, ನಿಜ. ಆದರೆ ಆ ಒಂದೇ ಗಿಡವನ್ನು 1930ರಿಂದ ಐವತ್ತು ವರ್ಷ ಜಾಗ ಬಯಲುಮಾಡದೆ, ಹೂಬಿಡುವ ಕಾಲದಲ್ಲಿ ಪಹರೆ ಕೂತು ಕಾದದ್ದರಿಂದಲೇ ಅಲ್ಲವೇ ಆ ಯೋಜನೆಗೆ ಬೀಜ ಸಿಕ್ಕಿದ್ದು? ಸಸಿಗಳಿಗೆ ಮರಳಿ ಹೋಗಲು ಕಾಯ್ದಿಟ್ಟ ಜಾಗಗಳೂ ಇದ್ದವು. ಇಲ್ಲಿನ ಕುರುಚಲು ಕಾಡಿನ ಗತಿ ಬೇರೆ. ಸರ್ಕಾರದ ಬಂಜರು ಭೂಮಿ ಭೂಪಟಗಳನ್ನು ತೆರೆದು ನೋಡು. ಕುರುಚಲು ಬೆಳೆದ ನೆಲವನ್ನು ಬಂಜರಿನ ಒಂದು ವರ್ಗವೆಂದೇ ಅಲ್ಲಿ ಲೆಕ್ಕ ಹಿಡಿಯಲಾಗಿದೆ. ಚಾಂಪಿಯನ್ ಮತ್ತು ಸೇಠ್ 1968ರಲ್ಲಿ ಭಾರತದ ಕಾಡುಗಳನ್ನು ವಿಂಗಡಿಸಿದಾಗ ದಕ್ಷಿಣದ ಮುಳ್ಳುಕಾಡಿಗೂ ಒಣ ಎಲೆಯುದುರುವ ಕಾಡಿಗೂ ಪ್ರತ್ಯೇಕ ಸ್ಥಾನ ಕೊಟ್ಟಿದ್ದರು; ಕಂದಾಯದ ಲೆಕ್ಕದಲ್ಲಿ ಮಾತ್ರ ಅದೇ ನೆಲ ಉಪಯೋಗಕ್ಕೆ ಬಾರದ್ದಾಗಿ ಉಳಿಯಿತು. ಉಪಯೋಗಕ್ಕೆ ತರಬೇಕೆಂದೇ ಸಾಮಾಜಿಕ ಅರಣ್ಯದ ಹೆಸರಿನಲ್ಲಿ ಕೋಲಾರದ ಕಡೆ ಊರೂರಿಗೂ ನೀಲಗಿರಿ ಬಂತು. ಹೊಸದಾಗಿ ನೀಲಗಿರಿ ನೆಡಬಾರದೆಂದು ರಾಜ್ಯ ಸರ್ಕಾರ 2017ರಲ್ಲಿ ಆದೇಶ ಹೊರಡಿಸುವ ಹೊತ್ತಿಗೆ ಗುಂಡಿ ತೋಡಿ, ಬುಲ್ಡೋಜರ್ ಹೊಡೆದು, ಎಷ್ಟು ಎಕರೆಯ ಮೇಲ್ಮಣ್ಣು ತಿರುವಿಹೋಗಿತ್ತೋ! ಮಣ್ಣು ತಿರುವಿದ ಜಾಗಕ್ಕೆ ಸಸಿ ಒಯ್ದು ನೆಡುವುದರಿಂದ ಯಾರಿಗೆ ಸಮಾಧಾನ?

ಸಂಶೋಧಕಿ: ಮಣ್ಣು ಕೆಟ್ಟ ಜಾಗಕ್ಕೆ ಒಯ್ಯಬೇಕೆಂದು ಯಾರೂ ಹೇಳುತ್ತಿಲ್ಲ. ಪ್ರಶ್ನೆಯಿರುವುದು ಕಾಲದ ಬಗ್ಗೆ. ಕಂದಾಯದ ದಾಖಲೆ ತಿದ್ದಿ, ಅರಣ್ಯ ಇಲಾಖೆಯ ಕಾರ್ಯಯೋಜನೆ ಬದಲಾಗಿ, ಕುರುಚಲು ಕಾಡನ್ನೂ ಕಾಡೆಂದು ಜನ ಒಪ್ಪುವ ಹೊತ್ತಿಗೆ ಇನ್ನೊಂದು ತಲೆಮಾರು ಕಳೆಯುತ್ತದೆ. ಒಂದು ಗುಡ್ಡದ ಮೇಲೆ ಉಳಿದಿರುವ ಗಿಡಗಳು ಅಲ್ಲಿಯವರೆಗೆ ಕಾದಿರುತ್ತವೆಯೇ? ಗುಡ್ಡ ಕಲ್ಲುಗಣಿಗೆ ಹೋಯಿತೆಂದರೆ ಆ ಗಿಡಗಳ ಜೊತೆ ಆ ಪ್ರದೇಶಕ್ಕೇ ವಿಶಿಷ್ಟವಾದ ವಂಶವಾಹಿಗಳೂ ಹೋದಂತೆ. ಬೀಜವನ್ನು ಒಣಗಿಸಿ ತಣ್ಣಗಿಟ್ಟಿದ್ದರೆ, ಸಸಿಗಳನ್ನು ಮಡಿಯಲ್ಲಿ ಕಾಪಾಡಿದ್ದರೆ, ನೆಲ ಸಿಕ್ಕ ದಿನ ನೆಡಲು ಏನಾದರೂ ಇರುತ್ತದೆ; ಇಲ್ಲದಿದ್ದರೆ ಕಾಯ್ದಿಟ್ಟ ನೆಲವಿದ್ದೂ ಗಿಡವಿರುವುದಿಲ್ಲ.

ಹಿರಿಯರು: ಒಣನಾಡಿನ ಜಾಗವನ್ನು ಕಾಯಲು ಸಾಧ್ಯವೇ ಇಲ್ಲವೆಂದೂ ತಿಳಿಯಬೇಡ. ದೇವನಹಳ್ಳಿಯ ಬಳಿಯ ನಲ್ಲೂರಿನ ಹುಣಸೆ ತೋಪನ್ನು 2007ರಲ್ಲಿ ಜೀವವೈವಿಧ್ಯ ಪಾರಂಪರಿಕ ತಾಣವೆಂದು ಘೋಷಿಸಿದರು, ದೇಶದಲ್ಲಿ ಅಂಥ ಮೊದಲ ತಾಣವದು. 2002ರ ಜೈವಿಕ ವೈವಿಧ್ಯ ಕಾಯ್ದೆಯಲ್ಲಿ ಅದಕ್ಕೆ ದಾರಿಯಿದೆ. ಮಳೆಕಾಡಿಗೆ ಮಾತ್ರ ಸಲ್ಲುವ ಗೌರವ ಅದಲ್ಲ.

ಸಂಶೋಧಕಿ: ಆ ಹುಣಸೆ ಮರಗಳು ದೂರದಿಂದಲೇ ಕಾಣುತ್ತವೆ, ಮೇಷ್ಟರೇ, ಅವುಗಳ ಮುಪ್ಪು, ಅವುಗಳ ಗಾತ್ರ ಎಂಥವರನ್ನೂ ನಿಲ್ಲಿಸುತ್ತವೆ. ಹೂವಿಲ್ಲದಾಗ ಹುಲ್ಲಿನಂತೆ ತೋರುವ ಗಿಡಕ್ಕಾಗಿ ಯಾವ ಊರಿನವರು ಅರ್ಜಿ ಹಾಕುತ್ತಾರೆ? 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಸಸ್ಯಗಳಿಗೆಂದು 1991ರಲ್ಲಿ ಪಟ್ಟಿ ಸೇರಿಸಿದಾಗಲೂ ಅದರೊಳಕ್ಕೆ ಬಂದ ಆರ್ಕಿಡ್‌ಗಳು ನೀಲಿ ವಾಂಡ, ಕೆಂಪು ವಾಂಡ, ಪಾದರಕ್ಷೆ ಆರ್ಕಿಡ್ ಎಂಬ ಕಣ್ಸೆಳೆಯುವ ಹೂಗಳೇ. ಜನರಿಗೆ ಪರಿಚಯವಾಗದ ಗಿಡಕ್ಕೆ ನೆಲ ಸಿಗುವುದಿಲ್ಲ. ಪ್ರಯೋಗಾಲಯದ ಸಸಿಗಳು ಶಾಲೆಗಳ ಅಂಗಳಕ್ಕೆ, ಲಾಲ್‌ಬಾಗಿನಂಥ ತೋಟಗಳಿಗೆ ಹೋದರೆ, ಬಯಲುಸೀಮೆಯ ಮಕ್ಕಳಿಗೆ ತಮ್ಮ ಊರಿನ ಗುಡ್ಡದಲ್ಲೂ ಆರ್ಕಿಡ್ ಇದೆಯೆಂದು ಮೊದಲ ಸಲ ತಿಳಿಯುತ್ತದೆ.

ಹಿರಿಯರು: ಪರಿಚಯವೇ ಮುಳುವಾದದ್ದೂ ಉಂಟು. ಅಗಸ್ತ್ಯಮಲೆಯ ಪಾದರಕ್ಷೆ ಆರ್ಕಿಡ್, ಪ್ಯಾಫಿಯೊಪೆಡಿಲಂ ಡ್ರೂರಿಯೈ, ಹತ್ತೊಂಬತ್ತನೆಯ ಶತಮಾನದಲ್ಲಿ ಒಮ್ಮೆ ಕಂಡು ಬಹುಕಾಲ ಮರೆಯಾಗಿ, 1970ರ ದಶಕದ ಆರಂಭದಲ್ಲಿ ಮತ್ತೆ ಪತ್ತೆಯಾಯಿತು; ಪತ್ತೆಯಾದ ಸುದ್ದಿಯ ಹಿಂದೆಯೇ ಸಂಗ್ರಾಹಕರು ಹೋಗಿ ಕಿತ್ತು ತಂದರು. ವಿಯೆಟ್ನಾಮಿನಲ್ಲಿ 1999ರಲ್ಲಿ ಹೆಸರಿಟ್ಟ ಅದೇ ಕುಲದ ಇನ್ನೊಂದು ಪ್ರಭೇದವಂತೂ ಕೆಲವೇ ವರ್ಷಗಳಲ್ಲಿ ತನ್ನ ನೆಲೆಯಲ್ಲಿ ಹೆಚ್ಚುಕಡಿಮೆ ಬರಿದಾಯಿತು. ಬಯಲುಸೀಮೆಯ ಯೂಲೋಫಿಯಕ್ಕೆ ಅಷ್ಟು ರೂಪವಿಲ್ಲದಿರುವುದೇ ಇಲ್ಲಿಯವರೆಗಿನ ರಕ್ಷೆ. ಆದರೂ ಈ ಕುಲದ ಕೆಲವು ಪ್ರಭೇದಗಳ ಗಡ್ಡೆಗೆ ಗ್ರಂಧಿಗೆ ಅಂಗಡಿಯಲ್ಲಿ ಬೆಲೆಯಿದೆ. ಸಾಲಂಮಿಶ್ರಿ ಎಂಬ ಬಲವರ್ಧಕ ಔಷಧಿಗಾಗಿ ಹಿಮಾಲಯದ ಬೇರೆ ಆರ್ಕಿಡ್‌ಗಳ ಜೊತೆ ಇವನ್ನೂ ಅಗೆಯುವುದುಂಟು. ಎಲೆ ಕಿತ್ತರೆ ಮತ್ತೆ ಚಿಗುರುತ್ತದೆ, ಗಡ್ಡೆಯನ್ನೇ ಅಗೆದರೆ ಗಿಡದ ಕಥೆ ಮುಗಿಯಿತು. ಊರಿಗೆಲ್ಲ ತೋರಿಸಿ ಬಂದ ಮೇಲೆ ಅಗೆಯುವವನ ಕೈ ಹಿಡಿಯುವವರು ಯಾರು?

ಸಂಶೋಧಕಿ: ಅಗೆಯುವವನಿಗೆ ಗಿಡ ಎಲ್ಲಿದೆಯೆಂದು ಮೊದಲೇ ಗೊತ್ತಿರುತ್ತದೆ, ಗೊತ್ತಿಲ್ಲದಿರುವುದು ಕಾಯಬೇಕಾದವನಿಗೆ. ಔಷಧಿಗೆ ಬೇಕಾದ ಗಡ್ಡೆಯನ್ನು ಬೆಳೆದು ಕೊಡಲಾಗದಷ್ಟು ದಿನವೂ ಕಾಡಿನ ಗಡ್ಡೆಯೇ ಅಂಗಡಿಗೆ ಬರುತ್ತದೆ. ಇಡೀ ಆರ್ಕಿಡ್ ಕುಟುಂಬವೇ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಅನುಬಂಧಗಳಲ್ಲಿ ಸೇರಿದೆ; ಆ ಒಪ್ಪಂದವೂ ಕಾಡಿನಿಂದ ಕಿತ್ತ ಗಿಡಕ್ಕೂ ಬೆಳೆಸಿದ ಗಿಡಕ್ಕೂ ಬೇರೆ ಬೇರೆ ನಿಯಮ ಮಾಡಿದೆ. ಬೆಳೆಸಿದ್ದು ಸಾಕಷ್ಟು ಸಿಗದೆ ಆ ಭೇದಕ್ಕೆ ಬೆಲೆಯಿಲ್ಲ.

ಇಲ್ಲಿಗೆ ಹಿರಿಯರ ವಾದ ಹೂವಿನ ಕಡೆಗೆ ತಿರುಗುತ್ತದೆ. ಆರ್ಕಿಡ್‌ಗಳ ಪರಾಗ ಪುಡಿಯಾಗಿ ಹಾರುವುದಿಲ್ಲ, ಅಂಟಿಕೊಂಡ ಉಂಡೆಗಳಾಗಿ ಕೀಟದ ಮೈಗೆ ಒಟ್ಟಾಗಿ ಹತ್ತುತ್ತದೆ. ಹೀಗಾಗಿ ಬಹುತೇಕ ಆರ್ಕಿಡ್‌ಗಳಲ್ಲಿ ತಕ್ಕ ಕೀಟವೊಂದು ಸರಿಯಾದ ಭಂಗಿಯಲ್ಲಿ ಹೂವನ್ನು ಹೊಕ್ಕು ಹೊರಟರೆ ಮಾತ್ರ ಕಾಯಿ ಕಟ್ಟುತ್ತದೆ. ಆರ್ಕಿಡ್‌ಗಳಲ್ಲಿ ಸುಮಾರು ಮೂರರಲ್ಲೊಂದು ಪಾಲು ಮಕರಂದವನ್ನೇ ಕೊಡದೆ ಕೀಟವನ್ನು ಬರಿಗೈಯಲ್ಲಿ ಕಳಿಸುತ್ತವೆ. ಜರ್ಮನಿಯ ಸ್ಪ್ರೆಂಗೆಲ್ ಇದನ್ನು 1793ರಲ್ಲೇ ಗಮನಿಸಿದ್ದರೂ, 1862ರಲ್ಲಿ ಆರ್ಕಿಡ್‌ಗಳ ಕುರಿತು ಪುಸ್ತಕ ಬರೆದ ಡಾರ್ವಿನ್‌ಗೆ ಕೀಟಗಳು ಇಷ್ಟು ಸುಲಭವಾಗಿ ಮೋಸಹೋಗುತ್ತವೆಂದು ನಂಬಲಾಗಲಿಲ್ಲ. ಯೂಲೋಫಿಯ ಕುಲದಲ್ಲೂ, ವಿಶೇಷವಾಗಿ ಅದರ ಆಫ್ರಿಕಾದ ಪ್ರಭೇದಗಳಲ್ಲಿ, ಮಕರಂದವಿಲ್ಲದೆ ದುಂಬಿಗಳನ್ನು ಸೆಳೆಯುವ ಹೂಗಳಿವೆ.

ಹಿರಿಯರು: ಮೋಸಹೋದ ದುಂಬಿ ಬೇಗ ಕಲಿಯುತ್ತದಮ್ಮಾ, ಆ ಹೂವಿಗೆ ಮತ್ತೆ ಹೋಗುವುದಿಲ್ಲ. ಆದ್ದರಿಂದ ಮಕರಂದ ಕೊಡದ ಆರ್ಕಿಡ್ ಬದುಕಬೇಕಾದರೆ ಸುತ್ತ ಮಕರಂದ ಕೊಡುವ ಬೇರೆ ಗಿಡಗಳಿರಬೇಕು, ದುಂಬಿ ಗೂಡು ಕೊರೆಯಲು ಒಣಮರ ನಿಂತಿರಬೇಕು, ಮರಿ ಸಾಕಲು ವರ್ಷವಿಡೀ ಯಾವುದಾದರೊಂದು ಹೂವು ಇರಬೇಕು. ಆ ದುಂಬಿಯ ಬಾಳು ಇರುವುದು ಇಡೀ ಕುರುಚಲಿನಲ್ಲಿ. ಶಾಲೆಯ ಅಂಗಳದ ಮಡಿಯಲ್ಲಿ ನೆಟ್ಟ ಗಿಡಕ್ಕೆ ಇವನ್ನೆಲ್ಲ ಒದಗಿಸುವುದು ಹೇಗೆ?

ಸಂಶೋಧಕಿ: ಅಂಗಳದಲ್ಲಿ ಒದಗಿಸಲಾಗದು, ಸರಿ. ಆದರೆ ತುಂಡಾದ ಗುಡ್ಡಗಳ ಮೇಲೂ ಅದು ಈಗ ಒದಗುತ್ತಿಲ್ಲವಲ್ಲ. ಹತ್ತಿಪ್ಪತ್ತು ಗಿಡಗಳಷ್ಟೇ ಉಳಿದ ಕಡೆ ಅವೆಲ್ಲ ಒಂದೇ ತಾಯಿಯ ಮಕ್ಕಳಾಗಿರಬಹುದು. ದುಂಬಿ ಬಂದರೂ ಕಟ್ಟುವುದು ಬಲಹೀನ ಬೀಜ. ಈ ಗುಡ್ಡದ ಪರಾಗವನ್ನು ಆ ಗುಡ್ಡದ ಹೂವಿಗೆ ಕೈಯಾರೆ ತಲುಪಿಸುವುದು, ಹಾಗೆ ಕಟ್ಟಿದ ಕಾಯಿಂದ ಸಸಿ ಎಬ್ಬಿಸಿ ಎರಡೂ ಗುಡ್ಡಗಳಿಗೆ ಹಿಂದಿರುಗಿಸುವುದು, ಇವು ನೆಲವನ್ನು ಬಿಟ್ಟುಕೊಟ್ಟವರು ಮಾಡುವ ಕೆಲಸಗಳಲ್ಲ. ಇನ್ನು ನೆಲವನ್ನು ಕಾಯುವುದೆಂದರೆ ಏನೆಂಬುದನ್ನೂ ತಾವು ಬಿಡಿಸಿ ಹೇಳಬೇಕು. ಬೇಲಿ ಹಾಕಿ, ದನ ಆಡುಗಳನ್ನು ಹೊರಗಟ್ಟಿ, ಬೆಂಕಿ ಬೀಳದಂತೆ ನೋಡಿಕೊಂಡರೆ ಸಾಕೇ? ಹಾಗೆ ಕಾಯ್ದ ಎಷ್ಟೋ ಕಡೆ ಲಂಟಾನ ಆಳೆತ್ತರ ಹಬ್ಬಿ, ನೆಲಕ್ಕೆ ಬೆಳಕೇ ಬೀಳದಂತಾಗಿದೆ.

ಹಿರಿಯರು: ಈ ಮಾತು ಸರಿಯಾದ ಜಾಗಕ್ಕೇ ತಾಗಿತು. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಬಹುಕಾಲದಿಂದ ಹೇಳುತ್ತ ಬಂದಿರುವುದೂ ಅದನ್ನೇ. ಬೇಸಿಗೆಯ ಮೊದಲಲ್ಲಿ, ಒಣಗು ಇನ್ನೂ ತೆಳುವಾಗಿರುವಾಗ ಅವರು ಹಾಕುತ್ತಿದ್ದ ತರಗು ಬೆಂಕಿ ನೆಲಮಟ್ಟದಲ್ಲಿ ಹರಿದು ಆರಿಹೋಗುತ್ತಿತ್ತು. 1974ರಲ್ಲಿ ಅಭಯಾರಣ್ಯವಾದ ಮೇಲೆ ಅದು ನಿಂತಿತು, ಲಂಟಾನ ಹೆಚ್ಚಿತು, ಈಗ ಬೆಂಕಿ ಬಿದ್ದರೆ ಲಂಟಾನದ ಮೇಲೇರಿ ಮರವನ್ನೂ ಸುಡುತ್ತದೆ ಎನ್ನುವುದು ಅವರ ಅನುಭವ. ಮಣ್ಣಿನೊಳಗೆ ಗಡ್ಡೆಯಿಟ್ಟುಕೊಂಡ ಹೆಬನೇರಿಯದಂಥ ನೆಲ ಆರ್ಕಿಡ್‌ಗಳಿಗೆ ತೆಳು ಬೆಂಕಿ ದಾಟಿಹೋದರೆ ತೊಂದರೆ ಕಡಿಮೆ. ಮಿಥ್ಯಾಗಡ್ಡೆಯನ್ನು ಮೇಲೆಯೇ ಚಾಚಿಕೊಂಡಿರುವ ಈ ಯೂಲೋಫಿಯಕ್ಕೆ ಅದೇ ಮಾತು ಅನ್ವಯಿಸಲಾರದು. ಆದ್ದರಿಂದ ಕಾಯುವುದೆಂದರೆ ಸುಮ್ಮನೆ ಬಿಟ್ಟುಬಿಡುವುದೆಂದು ಅರ್ಥವಲ್ಲ. ಯಾವ ತಿಂಗಳಲ್ಲಿ ಆಡು ಬರಬಹುದು, ಎಲ್ಲಿ ಲಂಟಾನ ಕೀಳಬೇಕು, ಯಾವ ಕಡೆ ಬೆಂಕಿ ತಡೆಯಬೇಕು ಎಂಬುದನ್ನು ಗುಡ್ಡ ಗುಡ್ಡಕ್ಕೂ ತೀರ್ಮಾನಿಸಬೇಕು. ಅದಕ್ಕೆ ಬೇಕಾದ ತಿಳಿವಳಿಕೆ ಪ್ರಯೋಗಾಲಯದಲ್ಲಿ ಹುಟ್ಟುವುದಿಲ್ಲ.

ಸಂಶೋಧಕಿ: ಬರಿಯ ಕಣ್ಣೋಟದಿಂದಲೂ ಹುಟ್ಟುವುದಿಲ್ಲ. ನೆಲ ಆರ್ಕಿಡ್‌ಗಳಲ್ಲಿ ಕೆಲವು ಒಂದೆರಡು ವರ್ಷ ಎಲೆಯನ್ನೇ ಹೊರಹಾಕದೆ ಮಣ್ಣಿನೊಳಗೇ ಉಳಿದುಬಿಡುತ್ತವೆ. ಕಾಣಲಿಲ್ಲವೆಂದು ಇಲ್ಲವೆಂದು ಬರೆದರೆ ತಪ್ಪಾಗುತ್ತದೆ. ಇದೇ ಕುಲದ ಯೂಲೋಫಿಯ ಒಬ್ಟುಸ 1902ರಲ್ಲಿ ಪಿಲಿಭಿತ್‌ನಲ್ಲಿ ದಾಖಲಾದ ಮೇಲೆ ಭಾರತದಲ್ಲಿ ಮತ್ತೆ ಕಂಡ ಸುದ್ದಿ ಬಂದದ್ದು 2020ರಲ್ಲಿ, ದುಧ್ವಾದ ಹುಲ್ಲುಗಾವಲಿನಿಂದ. ಯಾವ ಮಣ್ಣು ಈ ಗಿಡಕ್ಕೆ ಇನ್ನೂ ತಕ್ಕದ್ದಾಗಿದೆಯೆಂದು ತಿಳಿಯಲು ಒಂದು ಸರಳ ವಿಧಾನವಿದೆ. ಸಣ್ಣ ಕಣ್ಣಿನ ನೈಲಾನ್ ಬಲೆಯ ಚೀಲಗಳಲ್ಲಿ ಬೀಜ ತುಂಬಿ, ಗಿಡವಿರುವ ಕಡೆಯೂ ಇಲ್ಲದ ಕಡೆಯೂ ಹೂತಿಟ್ಟು, ತಿಂಗಳುಗಳು ಕಳೆದ ಮೇಲೆ ತೆಗೆದು ನೋಡುವುದು. ಶಿಲೀಂಧ್ರದ ಎಳೆ ಬಲೆಯ ಕಣ್ಣಿನಿಂದ ಒಳಹೋಗಬಲ್ಲದು, ಬೀಜ ಹೊರಬೀಳದು. ಆದಿಕಂದ ಕಟ್ಟಿದ್ದರೆ ಆ ಮಣ್ಣಿನಲ್ಲಿ ಸಂಗಾತಿ ಇದೆಯೆಂದು ಅರ್ಥ. ನೀಲಗಿರಿ ಕಡಿದುಹಾಕಿದ ತೋಪಿನಲ್ಲೂ ಹೂತು ನೋಡಬಹುದು.

ಹಿರಿಯರು: ಆ ಪರೀಕ್ಷೆಗೆ ಅಡ್ಡಿಯಿಲ್ಲ, ಆಗಲೇಬೇಕಾದದ್ದು ಅದು. ಗಿಡಕ್ಕೊಂದು ಕಾಯಿಗಿಂತ ಹೆಚ್ಚು ಕೀಳಬಾರದು, ಒಂದೇ ಕಾಯಿ ಕಟ್ಟಿದ ಗಿಡವನ್ನು ಮುಟ್ಟಲೇಬಾರದು. ಚೀಲದೊಳಗೆ ಏನೂ ಮೊಳೆಯದಿದ್ದರೆ ಆ ಗುಡ್ಡಕ್ಕೆ ಸಸಿ ಒಯ್ಯುವ ಯೋಜನೆಯನ್ನು ಕೈಬಿಡಬೇಕು.

ಸಂಶೋಧಕಿ: ಒಂದು ಮಳೆಗಾಲದಲ್ಲಿ ಮೊಳೆಯದಿದ್ದರೆ ಕೈಬಿಡುವುದು ಅವಸರವಾಗುತ್ತದೆ, ಬರ ಬಿದ್ದ ವರ್ಷದಲ್ಲಿ ಒಳ್ಳೆಯ ಮಣ್ಣೂ ಉತ್ತರ ಕೊಡದು. ಮೂರು ವರ್ಷವಾದರೂ ಹೂತು ನೋಡಬೇಕು, ಶಿಲೀಂಧ್ರವನ್ನು ಜೊತೆಗೆ ಕೊಟ್ಟ ಸಸಿಗಳನ್ನೂ ಪಕ್ಕದಲ್ಲೇ ನೆಟ್ಟು ಹೋಲಿಸಬೇಕು. ಈ ಎಲ್ಲ ವಿವರಗಳು ಪಂಚಾಯಿತಿಯ ಜೀವವೈವಿಧ್ಯ ನಿರ್ವಹಣಾ ಸಮಿತಿಯ ಜನತಾ ದಾಖಲಾತಿಗೂ ಸೇರಬೇಕು. ಇಲ್ಲದಿದ್ದರೆ ಮುಂದಿನ ಸಲ ಗುಡ್ಡ ಗಣಿಗೆ ಗೊತ್ತಾದಾಗ ಆಕ್ಷೇಪಣೆಗೆ ಆಧಾರವೇ ಇರುವುದಿಲ್ಲ.

ಹಿರಿಯರು: ದಾಖಲಾತಿಗೆ ಗಿಡದ ಹೆಸರು ಹೋಗಲಿ, ಗುಡ್ಡದ ಹೆಸರೂ ಹೋಗಲಿ, ಯಾವ ಬಂಡೆಯ ಮಗ್ಗುಲು, ಯಾವ ಹಳ್ಳದ ದಡ ಎಂಬುದು ಮಾತ್ರ ಅಲ್ಲಿ ಆಡು ಕಾಯುವವರಿಗೂ ಪಹರೆಯ ಅರಣ್ಯ ರಕ್ಷಕನಿಗೂ ಬಾಯಿಮಾತಿನಲ್ಲೇ ತಿಳಿದಿರಲಿ.

ಸಂಶೋಧಕಿ: ಬಾಯಿಮಾತಿನಲ್ಲಿರುವುದು ಅರಣ್ಯ ರಕ್ಷಕನಿಗೆ ವರ್ಗವಾದ ದಿನ ಅವನ ಜೊತೆಗೇ ಹೋಗುತ್ತದೆ, ಮೇಷ್ಟರೇ.

ಹಿರಿಯರು: ಆಡು ಕಾಯುವವರಿಗೆ ವರ್ಗವಿಲ್ಲವಮ್ಮಾ. ಮೊದಲು ಅವರನ್ನು ಕೇಳಿ ಬಾ. ಯಾವ ಗುಡ್ಡದಲ್ಲಿ ಚೀಲ ಹೂಳಬೇಕೆಂಬುದನ್ನೂ ಅವರೇ ಹೇಳಿಯಾರು.